ಬಾಟಲಿ ಕಂಡರೆ ಬಾಯಲ್ಲಿ ನೀರೇಕೆ? ಮದ್ಯದ ಸನ್ನೆ ಮತ್ತು ತಿನ್ನುವ ತುಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಮದ್ಯದಂಗಡಿ, ಅದಕ್ಕೆ ಅಂಟಿಕೊಂಡಂತೆ ಒಂದು ಕಬಾಬ್ ಗಾಡಿ. ಸಂಜೆ ಆರೂವರೆಗೆ ಗಾಡಿಯವನು ಬಾಣಲೆಗೆ ಎಣ್ಣೆ ಸುರಿಯುತ್ತಾನೆ. ಚುನಾವಣೆಯ ಮುನ್ನ ಮದ್ಯ ಮಾರಾಟ ನಿಲ್ಲಿಸಿದ ದಿನಗಳಲ್ಲಿ ಅಂಗಡಿಯ ಷಟರ್ ಇಳಿದಿರುತ್ತದೆ, ಗಾಡಿಯೂ ಬರುವುದಿಲ್ಲ. ಕೋಳಿ ಮಾರಬೇಡವೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಬಾಟಲಿ ಇಲ್ಲದ ದಿನ ಕಬಾಬ್ ಕೇಳುವವರೂ ಇರುವುದಿಲ್ಲ ಎಂಬುದು ಅವನಿಗೆ ಗೊತ್ತು, ಅಷ್ಟೆ. ಬಾಣಲೆಯಲ್ಲಿರುವುದಕ್ಕೂ ಗ್ಲಾಸಿನಲ್ಲಿರುವುದಕ್ಕೂ ನಮ್ಮ ಜನ ‘ಎಣ್ಣೆ’ ಎಂಬ ಒಂದೇ ಹೆಸರಿಟ್ಟಿರುವುದು ಕಾಕತಾಳೀಯವೇ ಇರಬಹುದು, ಆದರೆ ಚೆನ್ನಾಗಿ ಹೊಂದುತ್ತದೆ.

ನಾನು ಕುಡಿತ ಬಿಟ್ಟು ಐದು ವರ್ಷವಾಯಿತು. ಆ ತಿರುವಿನಲ್ಲಿ ಸ್ಕೂಟರ್ ಈಗಲೂ ತಾನಾಗಿ ನಿಧಾನವಾಗುತ್ತದೆ. ಬೇಕೆನಿಸುವುದು ಬಾಟಲಿಯಲ್ಲ, ಕಬಾಬ್. ಇದನ್ನು ಗೆಳೆಯರಲ್ಲಿ ಹೇಳಿಕೊಂಡ ಮೇಲೆ ಪ್ರಶ್ನೆಗಳು ಶುರುವಾದವು. ನಾನು ವೈದ್ಯನಲ್ಲ, ಆರೋಗ್ಯದ ವಿಷಯಗಳನ್ನು ಓದಿ ಬರೆಯುವವನು. ಉತ್ತರಗಳನ್ನು ಆ ಮಿತಿಯಲ್ಲೇ ಓದಿಕೊಳ್ಳಿ.

ಮದ್ಯದ ಸನ್ನೆ ಎಂದರೆ ಏನು?

ಕುಡಿಯುವುದಕ್ಕೆ ಸ್ವಲ್ಪ ಮೊದಲು ಸದಾ ಕಣ್ಣಿಗೆ, ಕಿವಿಗೆ, ಮೂಗಿಗೆ ಬೀಳುತ್ತಿದ್ದ ಯಾವುದೇ ವಸ್ತು ಸನ್ನೆಯೇ. ಬಾಟಲಿಯ ಆಕಾರ, ಸೋಡಾ ತೆರೆದಾಗಿನ ಬುಸ್ ಸದ್ದು, ಕಪ್ಪು ಪ್ಲಾಸ್ಟಿಕ್ ಕವರು, ಶನಿವಾರದ ಏಳು ಗಂಟೆ, ಒಬ್ಬ ಗೆಳೆಯನ ಫೋನ್ ಕರೆ. ರಷ್ಯಾದ ಪಾವ್ಲೋವ್ ನಾಯಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ: ಸದ್ದು ಕೇಳಿದೊಡನೆ ಊಟ ಬಂದರೆ, ಕೆಲವು ದಿನಗಳಲ್ಲಿ ಸದ್ದಿಗೇ ಜೊಲ್ಲು ಸುರಿಯುತ್ತದೆ. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಮನಶ್ಶಾಸ್ತ್ರಕ್ಕಾಗಿ ಅಲ್ಲ, ಜೀರ್ಣಕ್ರಿಯೆಯ ಸಂಶೋಧನೆಗಾಗಿ. ನಮ್ಮ ವಿಷಯವೂ ಹೊಟ್ಟೆಯದ್ದೇ ಆದ್ದರಿಂದ ಇದನ್ನು ನೆನಪಿಸಿದೆ.

ನಮ್ಮಲ್ಲಿ ಮದ್ಯ ಒಂಟಿಯಾಗಿ ಬರುವುದು ಅಪರೂಪ. ಬಾಟಲಿಯ ಮುಚ್ಚಳ ತಿರುಗಿಸುವ ಮೊದಲೇ ಯಾರಾದರೊಬ್ಬರು ‘ನಂಚಿಕೊಳ್ಳಲು ಏನಿದೆ?’ ಎಂದು ಕೇಳುತ್ತಾರೆ. ದೋಸೆಗೆ ಚಟ್ನಿ ನಂಚಿಕೊಳ್ಳುವ ಹಾಗೆ ಕುಡಿತಕ್ಕೂ ನಂಚಿಕೆ. ಹೀಗೆ ನೂರಾರು ಸಲ ಒಟ್ಟಿಗೆ ಬಂದ ಎರಡು ವಸ್ತುಗಳಲ್ಲಿ ಒಂದು ಕಂಡರೆ ಇನ್ನೊಂದು ನೆನಪಾಗಲೇಬೇಕು. ಬಾಟಲಿ ಕಂಡರೆ ಕಡಲೆಕಾಯಿ, ಖಾರದ ಕಡಲೆಕಾಯಿ ಬಾಯಿಗೆ ಬಿದ್ದರೆ ಬಾಟಲಿ.

ಒಂದು ಹನಿಯೂ ಕುಡಿಯದೆ, ಬರೀ ನೋಡಿದ್ದಕ್ಕೇ ಹಸಿವಾಗುತ್ತದೆಯೇ?

ಆಗುತ್ತದೆ. ಹೊಟ್ಟೆ ತುಂಬಿದ್ದರೂ ಆಗುತ್ತದೆ. 1983ರಲ್ಲಿ ಕೆನಡಾದ ಹಾರ್ವೆ ವೈನ್‌ಗಾರ್ಟನ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಹಸಿದ ಇಲಿಗಳಿಗೆ ಸದ್ದು ಮತ್ತು ಬೆಳಕಿನ ಸನ್ನೆ ಕೊಟ್ಟು ದ್ರವಾಹಾರ ನೀಡಿದರು. ಆಮೇಲೆ ಅವಕ್ಕೆ ಬೇಕಾದಷ್ಟು ಆಹಾರ ಇಟ್ಟು, ಹೊಟ್ಟೆ ತುಂಬಿದ ಇಲಿಗಳಿಗೆ ಅದೇ ಸನ್ನೆ ಕೊಟ್ಟರೆ ಮತ್ತೆ ತಿನ್ನಲು ಹೋದವು.

ಒಳಗೆ ನಡೆಯುವುದೂ ಸ್ವಾರಸ್ಯವಾಗಿದೆ. ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ, ಆಸೆಗೆ ಸಂಬಂಧಿಸಿದ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಗಮನಿಸಿದಾಗ, ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಮಿಡಿಯುತ್ತಿದ್ದ ಕೋಶಗಳು, ಕಲಿಕೆ ಗಟ್ಟಿಯಾದ ಮೇಲೆ ರಸಕ್ಕಲ್ಲ, ರಸ ಬರುತ್ತದೆಂದು ಹೇಳುವ ಸನ್ನೆಗೇ ಮಿಡಿಯತೊಡಗಿದವು. ಇದರ ಜೊತೆಗೆ ಸಂಶೋಧಕರಾದ ರಾಬಿನ್ಸನ್ ಮತ್ತು ಬೆರಿಜ್ 1993ರಲ್ಲಿ ಮುಂದಿಟ್ಟ ಮಾತನ್ನೂ ಸೇರಿಸಿಕೊಳ್ಳಿ: ಬೇಕೆನಿಸುವುದು ಬೇರೆ, ಇಷ್ಟವಾಗುವುದು ಬೇರೆ. ತಿರುವಿನಲ್ಲಿ ಪ್ರಾಣ ಹೋಗುವಷ್ಟು ಬೇಕೆನಿಸಿದ ಕಬಾಬು, ಮನೆಗೆ ತಂದು ಪೊಟ್ಟಣ ಬಿಚ್ಚಿ ಎರಡನೇ ತುಂಡು ಬಾಯಿಗಿಟ್ಟಾಗ ಸಪ್ಪೆಯೆನಿಸಿದ್ದು ಎಷ್ಟೋ ಸಲ. ಆದರೂ ಮುಗಿಸಿದ್ದೇನೆ.

ಮದ್ಯದ ಸನ್ನೆಯನ್ನೇ ತೋರಿಸಿ ಆಹಾರದ ಆಸೆಯನ್ನು ಅಳೆದ ಅಧ್ಯಯನಗಳು ಇನ್ನೂ ಕೆಲವೇ. ಅವು ನಿಂತಿರುವ ಬುನಾದಿ ಮಾತ್ರ ಗಟ್ಟಿಯಾದದ್ದು.

ಕುಡಿದ ಮೇಲೆ ಬರುವ ರಣಹಸಿವೂ ಇದೇನಾ?

ಅಲ್ಲ, ಅದು ಬೇರೆ. ಸನ್ನೆಯ ಹಸಿವು ಮೊದಲ ಗುಟುಕಿಗೂ ಮುಂಚಿನದು. ರಕ್ತಕ್ಕೆ ಆಲ್ಕೊಹಾಲ್ ಇಳಿದ ಮೇಲೆ ಅದರದೇ ಕೆಲಸ ಶುರುವಾಗುತ್ತದೆ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಹಸಿವನ್ನು ಸಾರುವ ನರಕೋಶಗಳಿವೆ. ಉಪವಾಸವಿದ್ದಾಗ ಇವು ಚುರುಕಾಗುತ್ತವೆ. 2017ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರು ಇಲಿಗಳಿಗೆ ಮೂರು ದಿನ ಆಲ್ಕೊಹಾಲ್ ಕೊಟ್ಟು ನೋಡಿದರು. ಇಲಿಗಳು ಹೆಚ್ಚು ತಿಂದವು. ಇದೇ ಕೋಶಗಳು ಉಪವಾಸದಲ್ಲಿ ಮಿಡಿಯುವ ಹಾಗೆ ಮಿಡಿದವು. ಆ ಕೋಶಗಳನ್ನು ಸುಮ್ಮನಾಗಿಸಿದಾಗ ಹೆಚ್ಚುವರಿ ತಿನ್ನುವಿಕೆ ನಿಂತಿತು. ಅಂದರೆ ಶಕ್ತಿ ಒಳಗೆ ಬರುತ್ತಿದ್ದರೂ ಮಿದುಳು ‘ಬರಗಾಲ’ ಎಂದು ಡಂಗುರ ಸಾರುತ್ತದೆ.

2015ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ 35 ಮಹಿಳೆಯರ ಮೇಲೆ ನಡೆದ ಪ್ರಯೋಗ ಇನ್ನೂ ಜಾಣತನದ್ದು. ಬಾಯಿ, ಹೊಟ್ಟೆಗಳನ್ನು ಬಿಟ್ಟು ನೇರವಾಗಿ ರಕ್ತನಾಳಕ್ಕೆ ಆಲ್ಕೊಹಾಲ್ ಡ್ರಿಪ್ ಹಾಕಿದರು. ರುಚಿಯಿಲ್ಲ, ಗ್ಲಾಸಿಲ್ಲ. ಆಗ ಅಡುಗೆಯ ಪರಿಮಳಕ್ಕೆ ಅವರ ಹೈಪೊಥಲಾಮಸ್ ಹೆಚ್ಚು ಸ್ಪಂದಿಸಿತು, ಆಮೇಲೆ ಕೊಟ್ಟ ಊಟವನ್ನೂ ಸರಾಸರಿ ಲೆಕ್ಕದಲ್ಲಿ ಹೆಚ್ಚು ತಿಂದರು. ಆದರೆ ಮೂರನೇ ಒಂದರಷ್ಟು ಮಂದಿ ಕಡಿಮೆ ತಿಂದರು. ‘ನನಗೆ ಕುಡಿದರೆ ಊಟವೇ ಸೇರುವುದಿಲ್ಲ’ ಎನ್ನುವ ನಿಮ್ಮ ಭಾವನವರು ಸುಳ್ಳು ಹೇಳುತ್ತಿಲ್ಲ.

ಇನ್ನೊಂದು, ತಡೆಯುವ ಕೈ ಸಡಿಲವಾಗುವುದು. ಇಂಗ್ಲೆಂಡಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕುಡಿದ ಮಹಿಳೆಯರು ಬಿಸ್ಕತ್ತು ಹೆಚ್ಚು ತಿಂದದ್ದಕ್ಕೂ, ತಮ್ಮನ್ನು ತಾವು ತಡೆದುಕೊಳ್ಳುವ ಶಕ್ತಿ ಕುಗ್ಗಿದ್ದಕ್ಕೂ ನಂಟು ಕಂಡುಬಂತು. ಸನ್ನೆ ಗಾಡಿಯನ್ನು ತಳ್ಳುತ್ತದೆ, ಮದ್ಯ ಬ್ರೇಕ್ ಕಳಚುತ್ತದೆ.

ಕರಿದದ್ದೇ ಯಾಕೆ ಬೇಕೆನಿಸುತ್ತದೆ? ಸೌತೆಕಾಯಿ ಕೋಸಂಬರಿ ಯಾಕೆ ನೆನಪಾಗುವುದಿಲ್ಲ?

ಹೆಚ್ಚು ಜನ ‘ದೇಹ ಕೇಳುತ್ತದೆ ಸ್ವಾಮಿ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೇಹವೇ ಕೇಳುವುದಾಗಿದ್ದರೆ ಇಡೀ ಜಗತ್ತು ಒಂದೇ ತಿಂಡಿ ಕೇಳಬೇಕಿತ್ತು. ಆಲ್ಕೊಹಾಲ್ ಎಲ್ಲೆಡೆಯೂ ಅದೇ ಅಣು. ಆದರೆ ಜರ್ಮನಿಯ ಬವೇರಿಯಾದವನಿಗೆ ಬಿಯರ್ ಎಂದರೆ ಉಪ್ಪು ಉದುರಿಸಿದ ಪ್ರೆಟ್ಜೆಲ್ ಎಂಬ ಬ್ರೆಡ್ಡು, ಸ್ಪೇನಿನವನಿಗೆ ಆಲಿವ್, ಜಪಾನಿನವನಿಗೆ ಎಡಮಾಮೆ, ಅಂದರೆ ಸಿಪ್ಪೆಸಹಿತ ಬೇಯಿಸಿ ಉಪ್ಪು ಹಾಕಿದ ಎಳೆ ಸೋಯಾಕಾಯಿ. ಬಿಯರ್ ಕಂಡರೆ ಬೇಯಿಸಿದ ಕಾಳು ನೆನಪಾಗುವ ಒಂದು ದೇಶವೇ ಇದೆ! ನಮ್ಮ ಅವರೆಕಾಯಿ, ಹಸಿ ಕಡಲೆಕಾಯಿಗಳನ್ನು ಉಪ್ಪು ಹಾಕಿ ಬೇಯಿಸಿ ತಿನ್ನುವ ರೂಢಿ ನಮಗೇನೂ ಹೊಸತಲ್ಲ. ಅದು ಬಾಟಲಿಯ ಪಕ್ಕ ಕೂತಿಲ್ಲ, ಅಷ್ಟೆ.

ನಮ್ಮ ನಾಡಿನೊಳಗೇ ನೋಡಿ. ಕರಾವಳಿಯಲ್ಲಿ ಕಳ್ಳಿನ ಜೊತೆ ಮೀನು, ಕೊಡಗಿನಲ್ಲಿ ಹಂದಿಕರಿ, ಬೆಂಗಳೂರಿನಲ್ಲಿ ಕಾಂಗ್ರೆಸ್ ಕಡಲೆಕಾಯಿ, ಗೋಬಿ ಮಂಚೂರಿ, ಕಬಾಬ್. ಪ್ಯಾಕೆಟ್ ಸಾರಾಯಿಯ ಕಾಲದಲ್ಲಿ ಉಪ್ಪಿನಕಾಯಿ ನೆಕ್ಕಿಯೇ ಮುಗಿಸುತ್ತಿದ್ದವರಿದ್ದರು. ಸಾರಾಯಿ 2007ರ ಜುಲೈ 1ರಿಂದ ನಿಷೇಧವಾಯಿತು. ಉಪ್ಪಿನಕಾಯಿಯ ಪುಟ್ಟ ಪೊಟ್ಟಣಗಳ ಸರ ಮಾತ್ರ ಈಗಲೂ ಮದ್ಯದಂಗಡಿಗಳ ಪಕ್ಕದ ಗೂಡಂಗಡಿಗಳಲ್ಲಿ ತೂಗುತ್ತದೆ. ಯಾರು ಯಾವುದನ್ನು ನಂಚಿಕೊಂಡು ಬೆಳೆದರೋ ಅವರಿಗೆ ಅದೇ ನೆನಪು.

ಹಾಗೆಂದು ಎಲ್ಲವೂ ರೂಢಿಯೇ ಅಲ್ಲ. ಮೇಲಿನ ಪಟ್ಟಿಯಲ್ಲಿ ಎಲ್ಲೆಡೆ ಇರುವುದು ಉಪ್ಪು. ಉಪ್ಪು ಬಾಯಾರಿಕೆ ತರುತ್ತದೆ, ಬಾಯಾರಿಕೆ ಇನ್ನೊಂದು ಗ್ಲಾಸು ತರುತ್ತದೆ. ಆಲ್ಕೊಹಾಲ್ ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ತಗ್ಗಿಸುವುದರಿಂದ ಕುಡಿದದ್ದು ಹೊರಗೆ ಹೋಗಿ ಮತ್ತೆ ಬಾಯಾರುತ್ತದೆ. ಈ ಚಕ್ರ ವ್ಯಾಪಾರಿಗಳಿಗೆ ಶತಮಾನದಿಂದ ಗೊತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸಲೂನುಗಳು ಎಂಬ ಮದ್ಯದಂಗಡಿಗಳು ಒಂದು ಗ್ಲಾಸು ಕೊಂಡವರಿಗೆ ಊಟ ಪುಕ್ಕಟೆ ಎಂದು ಬೋರ್ಡು ಹಾಕುತ್ತಿದ್ದವು. ಆ ಊಟದಲ್ಲಿ ಉಪ್ಪು ಮೀನು, ಹಂದಿಮಾಂಸ, ಚೀಸು. ನೀವು ಕೇಳದೆಯೇ ಮಾಣಿ ತಂದಿಡುವ ಕಡಲೆಕಾಯಿ ಬಟ್ಟಲನ್ನು ಮುಂದಿನ ಸಲ ಔದಾರ್ಯವೆಂದು ತಿಳಿಯಬೇಡಿ.

ಕ್ಯಾಲೊರಿ ಲೆಕ್ಕ ಎಷ್ಟು?

ಒಂದು ಗ್ರಾಂ ಆಲ್ಕೊಹಾಲಿಗೆ ಸುಮಾರು 7 ಕಿಲೊಕ್ಯಾಲೊರಿ. ಕೊಬ್ಬಿಗೆ 9, ಪಿಷ್ಟ ಮತ್ತು ಪ್ರೋಟೀನಿಗೆ 4. ನಮ್ಮಲ್ಲಿ ಮಾರುವ ವಿಸ್ಕಿ, ರಮ್ ಸಾಮಾನ್ಯವಾಗಿ ಶೇ 42.8ರಷ್ಟು ಪ್ರಬಲ, 60 ಮಿಲಿಲೀಟರಿನ ಒಂದು ಲಾರ್ಜಿಗೆ 140, 180 ಮಿಲಿಲೀಟರಿನ ಒಂದು ಕ್ವಾರ್ಟರಿಗೆ 430ರ ಆಸುಪಾಸು. ನೂರು ಗ್ರಾಂ ಕಡಲೆಕಾಯಿ ಬೀಜಕ್ಕೆ 570ರ ಆಸುಪಾಸು, ಕರಿದರೆ ಇನ್ನೂ ಹೆಚ್ಚು. ಮಾತಿನ ಭರದಲ್ಲಿ ನೂರು ಗ್ರಾಂ ಮುಗಿಸುವುದು ಕಷ್ಟವೇನಲ್ಲ. ‘ಬಿಯರಿನಿಂದ ಹೊಟ್ಟೆ ಬಂತು’ ಎನ್ನುವವರು ಬಟ್ಟಲಿನ ಕಡೆಗೂ ಒಮ್ಮೆ ನೋಡಬೇಕು. ದೇಹ ಆಲ್ಕೊಹಾಲನ್ನು ಮೊದಲು ಸುಡುತ್ತದೆ, ಕೊಬ್ಬನ್ನು ಸುಡುವ ಕೆಲಸ ಆ ಹೊತ್ತಿಗೆ ಹಿಂದೆ ಬೀಳುತ್ತದೆ.

ನಾನು ಕುಡಿಯುವುದಿಲ್ಲ. ಗೆಳೆಯರ ಜೊತೆ ಬಾರಿಗೆ ಹೋದರೆ ಅವರಿಗಿಂತ ಹೆಚ್ಚು ತಿನ್ನುವುದು ನಾನೇ. ಇದು ಏನು?

ನಿಮಗೆ ಬಾಟಲಿ ಕುಡಿತದ ಸನ್ನೆ ಅಲ್ಲ, ಪೆಪ್ಪರ್ ಚಿಕನ್ನಿನ ಸನ್ನೆ. ಜೊತೆಗೆ ಅವರ ಕೈಗೆ ಗ್ಲಾಸಿದೆ, ನಿಮ್ಮ ಕೈಗೆ ಕೆಲಸವಿಲ್ಲ. ಗುಂಪು ದೊಡ್ಡದಾದಷ್ಟೂ ಊಟ ಉದ್ದವಾಗುತ್ತದೆ, ಹೆಚ್ಚು ಒಳಗೆ ಹೋಗುತ್ತದೆ ಎಂಬುದನ್ನು ಸಂಶೋಧಕ ಜಾನ್ ಡಿ ಕ್ಯಾಸ್ಟ್ರೊ ಜನರಿಂದ ಊಟದ ದಿನಚರಿ ಬರೆಸಿ ತೋರಿಸಿದ್ದಾರೆ. ಲೈಮ್ ಸೋಡಾ ಹಿಡಿದು ಮೂರು ಗಂಟೆ ಕುಳಿತವನ ಪಾಲಿಗೆ ಉಳಿಯುವುದು ತಟ್ಟೆ ಮಾತ್ರ. ಬಿಲ್ಲನ್ನು ಮಾತ್ರ ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಆ ಅನ್ಯಾಯಕ್ಕೆ ನನ್ನಲ್ಲಿ ಮದ್ದಿಲ್ಲ.

ಆಲ್ಕೊಹಾಲ್ ಇಲ್ಲದ ಬಿಯರ್ ಕುಡಿದರೆ ಈ ತುಡಿತ ಇರುವುದಿಲ್ಲವೇ?

ಅದೇ ಬಾಟಲಿ, ಅದೇ ನೊರೆ, ಅದೇ ಕಹಿ. ಸನ್ನೆಗಳೆಲ್ಲ ಇವೆ, ಸರಕು ಮಾತ್ರ ಇಲ್ಲ. 1973ರಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ವಿಪರೀತ ಕುಡಿಯುವವರಿಗೆ ಟಾನಿಕ್ ನೀರು ಕೊಟ್ಟು ಅದರಲ್ಲಿ ವೋಡ್ಕಾ ಇದೆ ಎಂದರು; ನಿಜಕ್ಕೂ ವೋಡ್ಕಾ ಕೊಟ್ಟು ಇಲ್ಲ ಎಂದರು. ಎಷ್ಟು ಕುಡಿದರು ಎಂಬುದನ್ನು ನಿರ್ಧರಿಸಿದ್ದು ಒಳಗಿದ್ದ ವೋಡ್ಕಾ ಅಲ್ಲ, ಇದೆ ಎಂಬ ನಂಬಿಕೆ. ಆದ್ದರಿಂದ ಬ್ರೇಕ್ ಕಳಚುವುದಿಲ್ಲ, ಆದರೆ ತಳ್ಳುವಿಕೆ ಇರುತ್ತದೆ.

ಟಿವಿಯಲ್ಲಿ ಮದ್ಯದ ಜಾಹೀರಾತೇ ಇಲ್ಲವಲ್ಲ. ಹಾಗಾದರೆ ಸನ್ನೆ ಎಲ್ಲಿಂದ?

ಕೇಬಲ್ ಟಿವಿ ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿವೆ, ನಿಜ. ಆದರೆ ಅದೇ ಹೆಸರಿನ ಸೋಡಾ, ಅದೇ ಲಾಂಛನದ ಕುಡಿಯುವ ನೀರು, ಗ್ಲಾಸು, ಐಸು, ಗೆಳೆಯರ ನಗು ಎಲ್ಲವೂ ಕ್ರಿಕೆಟ್ ಓವರುಗಳ ನಡುವೆ ಬರುತ್ತವೆ. ಮಿದುಳಿಗೆ ಬಾಟಲಿಯೊಳಗಿನ ದ್ರವ ಬೇಕಿಲ್ಲ, ಲಾಂಛನ ಸಾಕು. ಅದರ ಹಿಂದೆಯೇ ಚಿಪ್ಸ್ ಜಾಹೀರಾತು. 2009ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಕಾರ್ಟೂನಿನ ನಡುವೆ ತಿಂಡಿ ಜಾಹೀರಾತು ನೋಡಿದ ಮಕ್ಕಳು, ಬೇರೆ ಜಾಹೀರಾತು ನೋಡಿದವರಿಗಿಂತ ಶೇ 45ರಷ್ಟು ಹೆಚ್ಚು ಕುರುಕಲು ತಿಂದರು. ಸಿನಿಮಾದ ಮೂಲೆಯಲ್ಲಿ ಬರುವ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಸಾಲೂ ಸರಿಯಾಗಿ ಗ್ಲಾಸು ಕಾಣಿಸುವ ಹೊತ್ತಿಗೇ ಮೂಡುತ್ತದೆ. ಗಮನಿಸದೇ ಇದ್ದವನೂ ಗ್ಲಾಸಿನತ್ತ ನೋಡುವಂತಾಗುತ್ತದೆ ಎಂಬುದು ನನ್ನ ಅನುಮಾನ.

ಕುಡಿತ ಬಿಟ್ಟ ಮೇಲೆ ಸಿಹಿ ತಿನ್ನುವ ಚಪಲ ಹೆಚ್ಚಾಗಿದೆ. ಇದು ಸಹಜವೇ?

ತೀರಾ ಸಹಜ. ಬಿಟ್ಟ ಮೊದಲ ಮೂರು ತಿಂಗಳು ನನ್ನ ಅಂಗಿಯ ಜೇಬಿನಲ್ಲಿ ಶೇಂಗಾ ಚಿಕ್ಕಿ ಇಲ್ಲದ ದಿನವಿರಲಿಲ್ಲ. ರಾತ್ರಿ ಎಂಟಕ್ಕೆ ಬೆಲ್ಲದ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ಮನೆಯವರು ಅಡುಗೆಮನೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಬೆಲ್ಲ ಅಗ್ಗ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ, ಕುಡಿತ ಬಿಡಲು ಪರಸ್ಪರ ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲೂ ಕೈಗೆಟುಕುವಂತೆ ಸಿಹಿ ಇಟ್ಟುಕೊಳ್ಳಿ ಎಂಬ ಸಲಹೆ ಮೊದಲಿನಿಂದ ಇದೆ.

ಮದ್ಯಕ್ಕೂ ತಿನಿಸಿಗೂ ಮಿದುಳಿನಲ್ಲಿ ಬೇರೆ ಬೇರೆ ಕೋಣೆಗಳಿಲ್ಲ, ಒಂದೇ ಪಡಸಾಲೆ. ಹೊಸ ಸಾಕ್ಷಿ ಔಷಧದ ಕಡೆಯಿಂದ ಬಂದಿದೆ. ಮಧುಮೇಹ ಮತ್ತು ತೂಕ ಇಳಿಕೆಗೆ ಬಳಸುವ ಸೆಮಾಗ್ಲುಟೈಡ್ ಹಸಿವನ್ನು ತಗ್ಗಿಸುವುದು ಗೊತ್ತಿದ್ದದ್ದೇ. 2025ರಲ್ಲಿ ಪ್ರಕಟವಾದ, 48 ಮಂದಿಯ ಪುಟ್ಟ ಪ್ರಯೋಗವೊಂದರಲ್ಲಿ ಅದು ಕುಡಿಯುವ ತುಡಿತವನ್ನೂ ಇಳಿಸಿತು. ಇದನ್ನು ಓದಿ ಔಷಧದಂಗಡಿಗೆ ಓಡಬೇಡಿ. ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳುವಂಥದ್ದಲ್ಲ ಅದು. ಉಲ್ಟಾ ಕಥೆಯೂ ಇದೆ: ತೂಕ ಇಳಿಸಲು ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಆಮೇಲೆ ಕುಡಿತದ ತೊಂದರೆ ಹೆಚ್ಚಿತು.

ಹೊಟ್ಟೆ ತುಂಬ ಊಟ ಮಾಡಿಕೊಂಡೇ ಹೋದರೆ?

ಅರ್ಧ ಉಪಯೋಗ. ಊಟದ ಮೇಲೆ ಕುಡಿದರೆ ಆಲ್ಕೊಹಾಲ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಅಮಲು ತಡವಾಗಿ ಏರುತ್ತದೆ. ತುಪ್ಪ ತಿಂದರೆ ಏರುವುದೇ ಇಲ್ಲ ಎಂಬುದು ಮದುವೆಮನೆ ವಿಜ್ಞಾನ. ಸನ್ನೆಯ ತುಡಿತಕ್ಕೆ ಮಾತ್ರ ತುಂಬಿದ ಹೊಟ್ಟೆ ತಡೆಯಲ್ಲ. ಹೊಟ್ಟೆ ತುಂಬಿದ ಇಲಿಗಳನ್ನು ನೆನಪಿಸಿಕೊಳ್ಳಿ.

ನನಗೆ ಸಕ್ಕರೆ ಕಾಯಿಲೆ. ಈ ಹಸಿವನ್ನು ಸುಳ್ಳು ಹಸಿವು ಎಂದು ತಳ್ಳಿಹಾಕಬಹುದೇ?

ದಯವಿಟ್ಟು ಬೇಡ. ಯಕೃತ್ತು ಆಲ್ಕೊಹಾಲನ್ನು ಕರಗಿಸುವುದರಲ್ಲಿ ತೊಡಗಿದ್ದಾಗ ಹೊಸ ಗ್ಲೂಕೋಸ್ ತಯಾರಿಸುವ ಕೆಲಸ ಕುಂಠಿತವಾಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕುಡಿದ ಎಷ್ಟೋ ಗಂಟೆಗಳ ಮೇಲೆ, ನಿದ್ದೆಯಲ್ಲೂ. ಹಸಿವು ಅದರ ಒಂದು ಲಕ್ಷಣ; ಬೆವರು, ನಡುಕ, ತೊದಲುವ ಮಾತು ನೋಡುವವರಿಗೆ ಅಮಲಿನಂತೆಯೇ ಕಾಣುತ್ತವೆ. ‘ಮಲಗಲಿ ಬಿಡಿ, ಇಳಿಯುತ್ತದೆ’ ಎಂದು ಬಿಟ್ಟುಬಿಡುವುದು ಅಲ್ಲೇ. ಗ್ಲೂಕೋಮೀಟರಿನಲ್ಲಿ ನೋಡಿ. ಜೊತೆಗಿರುವವರಿಗೆ ನಿಮ್ಮ ಕಾಯಿಲೆಯ ವಿಷಯ ಗೊತ್ತಿರಲಿ. ಕುಡಿಯಬಹುದೇ ಎಂಬ ಪ್ರಶ್ನೆಯನ್ನು ನನಗಲ್ಲ, ನಿಮ್ಮ ವೈದ್ಯರಿಗೆ ಕೇಳಿ.

ತುಡಿತ ಬಂದಾಗ ಏನು ಮಾಡಬೇಕು? ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದೇ?

ಮನಸ್ಸು ಗಟ್ಟಿ ಮಾಡಿಕೊಳ್ಳುವವರ ಮೇಲೆ ನನಗೆ ಗೌರವವಿದೆ, ನಂಬಿಕೆ ಕಡಿಮೆ. ಸನ್ನೆ ಎದುರಿಗಿದ್ದಾಗ ಗಟ್ಟಿಯಾಗುವುದಕ್ಕಿಂತ, ಸನ್ನೆ ಬರುವ ಮುಂಚೆ ದಾರಿ ಬದಲಿಸುವುದು ಸುಲಭ. ನಾನು ಮಾಡಿದ್ದು ಅಷ್ಟೇ: ಮೊದಲ ವರ್ಷ ತಿರುವಿನ ದಾರಿ ಬಿಟ್ಟು ದೇವಸ್ಥಾನದ ಹಿಂದಿನ ರಸ್ತೆ ಹಿಡಿದೆ. ಐದು ನಿಮಿಷ ಸುತ್ತು, ಗುಂಡಿಗಳೂ ಹೆಚ್ಚು.

ತುಡಿತ ಬಹಳ ಮಟ್ಟಿಗೆ ಚಿತ್ರಗಳಲ್ಲಿ ಬರುತ್ತದೆ: ಕೆಂಪು ಕಬಾಬು, ಮೇಲೆ ಕರಿದ ಕರಿಬೇವು, ಪಕ್ಕದಲ್ಲಿ ಈರುಳ್ಳಿ, ಹಿಂಡಿದ ನಿಂಬೆ. (ಆ ಕೆಂಪಿಗೆ ಕಾರಣವಾದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರಲ್ಲಿ ನಿಷೇಧಿಸಿತು, ನೆನಪಿನ ಕಬಾಬು ಇನ್ನೂ ಕೆಂಪಾಗಿಯೇ ಇದೆ.) ಮನಸ್ಸಿನ ಪರದೆಗೆ ಬೇರೆ ಚಿತ್ರ ಹಾಕಿದರೆ ಇದು ಮಸುಕಾಗುತ್ತದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಕೆಲವೇ ನಿಮಿಷ ಟೆಟ್ರಿಸ್ ಎಂಬ ತುಂಡು ಜೋಡಿಸುವ ವಿಡಿಯೊ ಗೇಮ್ ಆಡಿದವರಲ್ಲಿ ತಿನ್ನುವ, ಕುಡಿಯುವ ಆಸೆ ತಗ್ಗಿತು. ಮೊಬೈಲಿನಿಂದ ಒಂದು ಉಪಕಾರವಾದರೂ ಆಗಲಿ.

ಸನ್ನೆಯನ್ನು ಎದುರಿಸಿ, ಏನೂ ತಿನ್ನದೆ ದಾಟಿದರೆ ನಂಟು ಸಡಿಲವಾಗುತ್ತಾ ಬರುತ್ತದೆ. ಆದರೆ ಅಳಿಸಿಹೋಗುವುದಿಲ್ಲ, ಜಾಗ ಬದಲಾದರೆ, ಹಳೆಯ ಗೆಳೆಯ ಎದುರಾದರೆ ಮತ್ತೆ ತಲೆ ಎತ್ತುತ್ತದೆ. ಐದು ವರ್ಷದ ಮೇಲೂ ಸ್ಕೂಟರ್ ನಿಧಾನವಾಗುವುದು ಅದಕ್ಕೇ. ಇನ್ನೂ ಕುಡಿಯುವವರಾದರೆ, ಮೇಜಿನ ಮೇಲೆ ಏನು ಇರಬೇಕೆಂಬುದನ್ನು ಮೊದಲ ಗುಟುಕಿಗೆ ಮುಂಚೆ ತೀರ್ಮಾನಿಸಿ ತಟ್ಟೆಗೆ ಹಾಕಿಬಿಡಿ. ಎರಡನೇ ಲಾರ್ಜಿನ ನಂತರ ಮೆನು ಓದುವವನು ಬೇರೆಯೇ ಮನುಷ್ಯ.

ತುಡಿತ ತಿಂಡಿಯದ್ದಲ್ಲ, ಕುಡಿತದ್ದೇ ಕೈಮೀರುತ್ತಿದೆ ಎನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ದಿನವೂ ಕುಡಿಯುವವರು ಇದ್ದಕ್ಕಿದ್ದಂತೆ ತಾವಾಗಿ ನಿಲ್ಲಿಸುವುದು ಅಪಾಯಕಾರಿ, ಫಿಟ್ಸ್ ಬರಬಹುದು.

ಅಣ್ಣಾ, ಮನೆಯವರು ಶನಿವಾರ ಬಾಟಲಿ ತಂದರೆ ಬೋಂಡಾ ಕರಿಯುವವಳು ನಾನೇ. ಹೊರಗೆ ತಿನ್ನುವುದಕ್ಕಿಂತ ಮನೆಯದ್ದು ಒಳ್ಳೆಯದಲ್ಲವೇ?

ಎಣ್ಣೆಯ ಮಟ್ಟಿಗೆ ಒಳ್ಳೆಯದೇ, ತಂಗಿ. ಹೊರಗಿನವರ ಹಾಗೆ ನೀನು ಒಂದೇ ಎಣ್ಣೆಯನ್ನು ನಾಲ್ಕು ದಿನ ಕಾಯಿಸುವುದಿಲ್ಲ. ಆದರೆ ಆ ಬೋಂಡಾ ತಿನ್ನುವವರು ಅವರೊಬ್ಬರೇ ಅಲ್ಲ. ಆ ದಿನ ಮನೆಯಲ್ಲಿ ಕರಿದ ವಾಸನೆ, ಅಪ್ಪನ ಒಳ್ಳೆಯ ಮೂಡು, ಮಕ್ಕಳಿಗೂ ಒಂದು ತಟ್ಟೆ. ಬೋಂಡಾ ಮಾಡಬೇಡ ಎನ್ನುತ್ತಿಲ್ಲ. ಬುಧವಾರ ಸಂಜೆ ಮಾಡು, ಮಳೆ ಬಂದಾಗ ಮಾಡು, ಬಾಟಲಿ ಇಲ್ಲದ ದಿನಗಳಲ್ಲಿ ಮಾಡು. ಶನಿವಾರ ಬೇಯಿಸಿದ ಕಡಲೆಕಾಯಿ ಇಡು.

ನನ್ನ ತಮ್ಮನ ಮನೆಗೆ ಹೋದ ತಿಂಗಳು ಹೋಗಿದ್ದೆ. ಅಂಗಡಿಯಿಂದ ಬಲ್ಬು ತಂದಿದ್ದ, ಕಪ್ಪು ಕವರಿನಲ್ಲಿತ್ತು. ಆರು ವರ್ಷದ ಮಗ ಬಾಗಿಲಲ್ಲೇ ಕವರನ್ನು ನೋಡಿ ಅಡುಗೆಮನೆಯತ್ತ ಓಡಿದ. ‘ಅಮ್ಮಾ, ಇವತ್ತು ಬೋಂಡಾ!’